ಶಾರದೆಗೂ ‘ನಾಳೆ ಬಾ’ ಎಂಬ ಬರಹ

1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದು ಹಲವರ ನೆನಪಿನಲ್ಲಿರಬಹುದು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವವು ಆ ಬರಹವನ್ನು ಓದಿಕೊಂಡು ಹಿಂದಿರುಗುವುದು. ಮರುರಾತ್ರಿ ಮತ್ತೆ ಬಂದು ಅದನ್ನೇ ಓದಿ ಮತ್ತೆ ಹಿಂದಿರುಗುವುದು. ದೆವ್ವಕ್ಕೆ ಅಕ್ಷರಜ್ಞಾನವಿತ್ತು, ನಾಳೆ ಎಂಬುದು ಎಂದಿಗೂ ಕೈಗೆ ಸಿಗುವ ದಿನವಲ್ಲ ಎಂಬ ವಿವೇಕ ಮಾತ್ರ ಇರಲಿಲ್ಲ. ಜನಪದದ ಈ ಉಪಾಯವನ್ನು ಕಂಡು ನಕ್ಕ ವಿದ್ಯಾವಂತರಾದ ನಾವು, ಅದೇ ಎರಡು ಪದಗಳನ್ನು ನಮ್ಮ ಬರವಣಿಗೆಯ ಮೇಜಿನ ಮೇಲೆ ಶಾಶ್ವತವಾಗಿ ಬರೆದಿಟ್ಟುಕೊಂಡಿದ್ದೇವೆ. ಹಿಂದಿರುಗಿ ಹೋಗುತ್ತಿರುವುದು ದೆವ್ವವಲ್ಲ, ಶಾರದೆ ಎಂಬುದೊಂದೇ ವ್ಯತ್ಯಾಸ.

ಕೋಲ್ಕತ್ತದಲ್ಲಿ ಮಾಘ ಶುದ್ಧ ಪಂಚಮಿಯಂದು ಬೀದಿಬೀದಿಯಲ್ಲಿ ಸರಸ್ವತೀ ಪೂಜೆ ನಡೆಯುತ್ತದೆ. ಮಕ್ಕಳು ಪುಸ್ತಕ, ಲೇಖನಿಗಳನ್ನು ದೇವಿಯ ಪಾದದ ಬಳಿ ಇಡುತ್ತಾರೆ. ಅಂದು ಓದುಬರಹಕ್ಕೆ ರಜೆ. ನಮ್ಮಲ್ಲಿ ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗಿಟ್ಟು ವಿಜಯದಶಮಿಯಂದು ತೆಗೆಯುವ ಪದ್ಧತಿಯಿದೆ. ಎರಡೂ ಕಡೆ ಹಿರಿಯರು ಈ ರಜೆಗೆ ಒಂದು ಮಿತಿ ಹಾಕಿಟ್ಟಿದ್ದರು. ಹೊರನಾಡಿನಲ್ಲಿ ನೆಲೆಸಿದ ಬರಹಗಾರರಾದ ನಾವು, ಅಥವಾ ಬರಹಗಾರರಾಗಬಹುದಾಗಿದ್ದ ನಾವು, ಆ ಒಂದು ದಿನದ ವ್ರತವನ್ನು ವರ್ಷಪೂರ್ತಿ ಆಚರಿಸುತ್ತಿದ್ದೇವೆ. ಯಾವುದೇ ಕನ್ನಡ ಸಂಘದ ಪತ್ರಿಕೆಯ ಸಂಪಾದಕರನ್ನು ಕೇಳಿದರೂ ಸಂಚಿಕೆಗೆ ಲೇಖನ ಕೊಡುತ್ತೇನೆಂದು ಮಾತು ಕೊಟ್ಟವರ ಪಟ್ಟಿ ಒಂದು ಪುಟ, ಕೊಟ್ಟವರ ಪಟ್ಟಿ ನಾಲ್ಕು ಸಾಲು ಎಂದಾರು. ಇದು ಕೆಲವರ ಸೋಮಾರಿತನದ ಪ್ರಶ್ನೆಯಲ್ಲ. ಒಂದು ಸಮುದಾಯದ ಮಾತು ಉಳಿಯುವ ಅಥವಾ ಅಳಿಯುವ ಪ್ರಶ್ನೆ. ಆದಕಾರಣ ಇದನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಯುಕ್ತವೆಂದು ಭಾವಿಸುತ್ತೇನೆ.

ನಾವು ಮುಂದಿಡುವ ಮೊದಲನೆಯ ಕಾರಣ ನೌಕರಿ. ಬೆಳಗಿನಿಂದ ಸಂಜೆಯವರೆಗೆ ಕಡತಗಳ ನಡುವೆ ಕುಳಿತವನಿಗೆ ಕಾವ್ಯವೆಲ್ಲಿಯದು ಎಂಬ ವಾದ. ಈ ವಾದವನ್ನು ಬೇರೆ ಯಾವ ನಗರದಲ್ಲಿಯಾದರೂ ಮಂಡಿಸಬಹುದು. ಕೋಲ್ಕತ್ತದಲ್ಲಿ ಮಂಡಿಸಲು ನಾಚಿಕೆಯಾಗಬೇಕು. ಸಿಯಾಲ್ದಾದಿಂದ ಲೋಕಲ್ ರೈಲು ಹತ್ತಿ ನೈಹಾಟಿಯಲ್ಲಿ ಇಳಿದರೆ ಕಾಂಠಾಲಪಾಡಾದಲ್ಲಿ ಬಂಕಿಮಚಂದ್ರ ಚಟ್ಟೋಪಾಧ್ಯಾಯರ ಮನೆಯಿದೆ. 1858ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಮೊತ್ತಮೊದಲ ಇಬ್ಬರು ಪದವೀಧರರಲ್ಲಿ ಒಬ್ಬರಾದ ಬಂಕಿಮರು ಅದೇ ವರ್ಷ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಮತ್ತು ಡೆಪ್ಯುಟಿ ಕಲೆಕ್ಟರ್ ಆಗಿ ಸೇವೆಗೆ ಸೇರಿ, 1891ರವರೆಗೆ, ಅಂದರೆ ಮೂವತ್ತಮೂರು ವರ್ಷಗಳ ಕಾಲ ಸರ್ಕಾರಿ ಅಧಿಕಾರಿಯಾಗಿದ್ದರು. ಜೆಸೋರ್, ಖುಲ್ನಾ, ಬಾರುಯಿಪುರ, ಬಹರಮ್‌ಪುರ, ಹೂಗ್ಲಿ, ಹೌರಾ, ಒರಿಸ್ಸಾದ ಜಾಜ್‌ಪುರ ಎಂದು ಊರಿಂದೂರಿಗೆ ವರ್ಗವಾಗುತ್ತಲೇ ಇದ್ದರು. ಮೇಲಧಿಕಾರಿಗಳು ಪರದೇಶೀಯರು, ಕೆಲಸ ಮೊಕದ್ದಮೆಗಳದು, ಕಂದಾಯದ್ದು. ‘ದುರ್ಗೇಶನಂದಿನಿ’ (1865), ‘ಕಪಾಲಕುಂಡಲಾ’ (1866), ‘ವಿಷವೃಕ್ಷ’ (1873), ‘ಆನಂದಮಠ’ (1882), ‘ದೇವೀ ಚೌಧುರಾಣಿ’ (1884), ‘ಸೀತಾರಾಮ’ (1887) ಇವೆಲ್ಲವೂ ಈ ಅಧಿಕಾರಾವಧಿಯೊಳಗೇ ಹೊರಬಂದವು. ನಿವೃತ್ತಿಯ ನಂತರ ಅವರು ಬದುಕಿದ್ದು ಮೂರು ವರ್ಷಗಳಿಗೂ ಕಡಿಮೆ. 1894ರ ಏಪ್ರಿಲ್‌ನಲ್ಲಿ ತೀರಿಕೊಂಡರು. ‘ನಿವೃತ್ತಿಯಾಗಲಿ, ಆಮೇಲೆ ಬರೆಯೋಣ’ ಎಂದು ಬಂಕಿಮರು ಕುಳಿತಿದ್ದರೆ ಭಾರತೀಯ ಕಾದಂಬರಿಯ ಚರಿತ್ರೆಯ ಮೊದಲನೆಯ ಅಧ್ಯಾಯವೇ ಬೇರೆಯಾಗಿರುತ್ತಿತ್ತು.

ಈ ಕಥೆಯ ಉತ್ತರಾರ್ಧ ಕನ್ನಡದ್ದು. ಮೈಸೂರು ಸಂಸ್ಥಾನದ ಸರ್ಕಾರಿ ಸೇವೆಯಲ್ಲಿದ್ದ ಬಿ. ವೆಂಕಟಾಚಾರ್ಯರು (1845–1914) ಬಂಗಾಳಿಯನ್ನು ಕಲಿತು, ಮೊದಲು ಈಶ್ವರಚಂದ್ರ ವಿದ್ಯಾಸಾಗರರ ‘ಭ್ರಾಂತಿವಿಲಾಸ’ವನ್ನೂ, ಆಮೇಲೆ 1885ರಲ್ಲಿ ‘ದುರ್ಗೇಶನಂದಿನಿ’ಯನ್ನೂ, ಅನಂತರ ಒಂದೊಂದಾಗಿ ಬಂಕಿಮರ ಇತರ ಕಾದಂಬರಿಗಳನ್ನೂ ಕನ್ನಡಕ್ಕೆ ತಂದರು. ಕನ್ನಡದಲ್ಲಿ ಸ್ವತಂತ್ರ ಕಾದಂಬರಿ ತಲೆಯೆತ್ತುವ ಮೊದಲು ಕನ್ನಡಿಗರಿಗೆ ಕಾದಂಬರಿಯನ್ನು ಓದುವ ಅಭ್ಯಾಸವನ್ನು ಮಾಡಿಸಿದವರಲ್ಲಿ ಅವರು ಅಗ್ರಗಣ್ಯರು. ಒಬ್ಬ ಸರ್ಕಾರಿ ನೌಕರ ಗಂಗೆಯ ದಡದಲ್ಲಿ ಕುಳಿತು ಬರೆದದ್ದನ್ನು ಇನ್ನೊಬ್ಬ ಸರ್ಕಾರಿ ನೌಕರ ಕಾವೇರಿಯ ಸೀಮೆಯಲ್ಲಿ ಕುಳಿತು ತನ್ನ ಜನರಿಗೆ ತಲುಪಿಸಿದ. ಆ ಕಾಲದಲ್ಲಿ ಬಂಗಾಳಿ ನಿಘಂಟು ಮೈಸೂರಿನಲ್ಲಿ ಎಷ್ಟು ಸುಲಭವಾಗಿ ದೊರೆಯುತ್ತಿತ್ತು ಎಂಬುದನ್ನು ನಾವು ಊಹಿಸಿಕೊಳ್ಳಬಹುದು. ಇಂದು ಬಂಗಾಳಿಯರ ನಡುವೆಯೇ ಬಾಳುತ್ತ, ಮೀನಿನ ಮಾರುಕಟ್ಟೆಯ ಗದ್ದಲದಿಂದ ಹಿಡಿದು ರವೀಂದ್ರ ಸಂಗೀತದವರೆಗೆ ಆ ಭಾಷೆಯನ್ನು ಪ್ರತಿದಿನ ಕಿವಿಯಲ್ಲಿ ತುಂಬಿಕೊಳ್ಳುತ್ತಿರುವ ನಾವು ಕನ್ನಡಕ್ಕೆ ಒಂದು ಸಣ್ಣಕಥೆಯನ್ನಾದರೂ ತಂದುಕೊಟ್ಟಿದ್ದೇವೆಯೆ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬರೂ ತಮಗೆ ತಾವೇ ಹಾಕಿಕೊಳ್ಳಬೇಕಾಗಿದೆ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಉದಾಹರಣೆ ನಮಗೆಲ್ಲ ತಿಳಿದೇ ಇದೆ. ಮೈಸೂರು ಸಿವಿಲ್ ಸರ್ವಿಸಿನ ಅಧಿಕಾರಿಯಾಗಿ ಊರೂರು ತಿರುಗುತ್ತ ಕನ್ನಡ ಸಣ್ಣಕಥೆಗೆ ರೂಪ ಕೊಟ್ಟವರು ಅವರು. ‘ಕೆಲವು ಸಣ್ಣ ಕಥೆಗಳು’ 1920ರಲ್ಲಿ ಹೊರಬಂದಾಗ ಅವರಿನ್ನೂ ಮೂವತ್ತು ದಾಟದ ನೌಕರ. ಬಂಗಾಳದ ಕಡೆ ನೋಡಿದರೆ ‘ಪರಶುರಾಮ’ ಎಂಬ ಹೆಸರಿನಲ್ಲಿ ಹಾಸ್ಯಕಥೆಗಳನ್ನು ಬರೆದ ರಾಜಶೇಖರ ಬಸು ಬೆಂಗಾಲ್ ಕೆಮಿಕಲ್ಸ್ ಕಾರ್ಖಾನೆಯ ಆಡಳಿತ ಹೊತ್ತಿದ್ದವರು. ರಸಾಯನಶಾಸ್ತ್ರ ಓದಿದ ಈ ಮಹನೀಯರು ಮೊದಲ ಕಥೆಯನ್ನು ಪ್ರಕಟಿಸಿದ್ದು 1922ರಲ್ಲಿ, ತಮ್ಮ ನಲವತ್ತೆರಡನೆಯ ವಯಸ್ಸಿನಲ್ಲಿ. 1930ರಲ್ಲಿ ‘ಚಲಂತಿಕಾ’ ನಿಘಂಟನ್ನು ಕೊಟ್ಟಾಗಲೂ ಕಾರ್ಖಾನೆಯ ಕೆಲಸದಲ್ಲಿಯೇ ಇದ್ದರು. ನಮ್ಮಂತೆಯೇ ಹೊರನಾಡಿನಲ್ಲಿ, ಮುಂಬಯಿಯಲ್ಲಿ ಬದುಕು ಕಳೆದ ಯಶವಂತ ಚಿತ್ತಾಲರು ಕೈಗಾರಿಕಾ ರಸಾಯನಶಾಸ್ತ್ರದ ಉದ್ಯೋಗದಲ್ಲಿದ್ದುಕೊಂಡೇ ತಮ್ಮ ಹನೇಹಳ್ಳಿಯನ್ನು ಕನ್ನಡ ಸಾಹಿತ್ಯದಲ್ಲಿ ಅಮರಗೊಳಿಸಿದರು. ಅದೇ ಮಹಾನಗರದ ಉದ್ಯೋಗಲೋಕದಿಂದ ‘ಶಿಕಾರಿ’ಯನ್ನು (1979) ಬರೆದರು. ಇವರೆಲ್ಲ ಪ್ರತಿಭಾವಂತರು, ನಮಗೆ ಆ ಪ್ರತಿಭೆಯಿಲ್ಲ ಎನ್ನಬಹುದು. ಇರಲಿ. ಇಲ್ಲಿ ಪ್ರಶ್ನೆ ಪ್ರತಿಭೆಯದಲ್ಲ, ವೇಳೆಯದು. ಪ್ರತಿಭೆ ಇವರಿಗೆ ಹೆಚ್ಚಾಗಿ ದೊರೆತಿರಬಹುದು. ದಿನಕ್ಕೆ ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ದೊರೆತಿರಲಿಲ್ಲ.

ನಿವೃತ್ತಿಯ ಆಸೆಯ ಬಗೆಗೂ ಒಂದು ಮಾತು ಹೇಳಬೇಕು. ಕೇಂದ್ರ ಸರ್ಕಾರಿ ನೌಕರರ ನಿವೃತ್ತಿಯ ವಯಸ್ಸು 1998ರಲ್ಲಿ 58ರಿಂದ 60ಕ್ಕೆ ಏರಿತು. ಅದರೊಂದಿಗೆ ಎಷ್ಟೋ ಕವನ ಸಂಕಲನಗಳೂ ಆತ್ಮಕಥೆಗಳೂ ಎರಡು ವರ್ಷ ಮುಂದಕ್ಕೆ ಹೋದವು. ಗಳಿಕೆ ರಜೆಯನ್ನು ಮುನ್ನೂರು ದಿನಗಳವರೆಗೆ ಕೂಡಿಟ್ಟು ಕೊನೆಯಲ್ಲಿ ನಗದು ಮಾಡಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಬರೆಯದೆ ಉಳಿಸಿಕೊಂಡ ಕಥೆಗಳಿಗೆ ಅಂಥ ಸೌಲಭ್ಯವಿಲ್ಲ. ಎ.ಎನ್. ಮೂರ್ತಿರಾಯರು ‘ದೇವರು’ ಗ್ರಂಥವನ್ನು ಪ್ರಕಟಿಸಿದ್ದು 1991ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ಎಂದು ನೆನಪಿಸಿ ಧೈರ್ಯ ತಂದುಕೊಳ್ಳುವವರಿದ್ದಾರೆ. ಆದರೆ ಅವರ ‘ಹಗಲುಗನಸುಗಳು’ ಪ್ರಕಟವಾದುದು 1937ರಲ್ಲಿ ಎಂಬುದನ್ನು ಮರೆಯಬಾರದು. ತೊಂಬತ್ತರಲ್ಲಿ ಅವರ ಕೈಗೆ ಲೇಖನಿ ಒಲಿದದ್ದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದು ಆ ಕೈಯಲ್ಲಿಯೇ ಇದ್ದುದರಿಂದ. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದ ಕೈ, ನಿವೃತ್ತಿಯ ಮರುದಿನ ಬೆಳಿಗ್ಗೆ ಕನ್ನಡ ಗದ್ಯವನ್ನು ಬರೆಯತೊಡಗುತ್ತದೆಂಬುದು ಆಳವಾದ ಭ್ರಮೆ.

ಹಾಗಾದರೆ ಈ ಮುಂದೂಡಿಕೆಯ ಮೂಲವೇನು? ಭಗವದ್ಗೀತೆ ತಾಮಸ ಕರ್ತೃವಿನ ಲಕ್ಷಣಗಳಲ್ಲಿ ದೀರ್ಘಸೂತ್ರತೆಯನ್ನು ಎಣಿಸುತ್ತದೆ. ಆ ಕಾರಣದಿಂದ ಇದನ್ನು ಆಲಸ್ಯವೆಂದೇ ಭಾವಿಸುವುದು ನಮ್ಮ ರೂಢಿ. ಅನುಭವ ಬೇರೆಯದನ್ನು ಹೇಳುತ್ತದೆ. ಕವಿತೆಯನ್ನು ಮುಂದೂಡುವವನು ಸುಮ್ಮನೆ ಕುಳಿತಿರುವುದಿಲ್ಲ, ಬಹು ಚಟುವಟಿಕೆಯಿಂದಿರುತ್ತಾನೆ. ಪುಸ್ತಕದ ಕಪಾಟನ್ನು ಒಪ್ಪ ಮಾಡುತ್ತಾನೆ, ಸಂಘದ ವಾರ್ಷಿಕೋತ್ಸವಕ್ಕೆ ಶಾಮಿಯಾನ ಗೊತ್ತುಮಾಡುತ್ತಾನೆ, ಎಂದೋ ಉತ್ತರಿಸಬೇಕಾಗಿದ್ದ ಪತ್ರಕ್ಕೆ ಅಂದೇ ಉತ್ತರಿಸುತ್ತಾನೆ. ಕಚೇರಿಯಲ್ಲಿಯೂ ನಾವು ಇದನ್ನೇ ಕಾಣುತ್ತೇವೆ. ಮೇಜಿನ ಮೇಲೆ ಉಳಿಯುವ ಕಡತ ಯಾವಾಗಲೂ ದಪ್ಪನೆಯ ಕಡತವಾಗಿರುವುದಿಲ್ಲ. ನಿರ್ಣಯ ತೆಗೆದುಕೊಂಡರೆ ಆಕ್ಷೇಪ ಬರಬಹುದೆಂಬ ಹೆದರಿಕೆ ಯಾವುದರಲ್ಲಿ ಇದೆಯೋ ಆ ಕಡತ. ಅದು ‘ಚರ್ಚಿಸಿ’ ಎಂದು ಒಂದು ಮೇಜಿನಿಂದ, ‘ಪೂರ್ವನಿದರ್ಶನ ಲಗತ್ತಿಸಿ’ ಎಂದು ಇನ್ನೊಂದು ಮೇಜಿನಿಂದ ಹಿಂದಿರುಗುತ್ತಿರುತ್ತದೆ. ಕಾಗದದ ಕಡತ ಹೋಗಿ ಇ-ಆಫೀಸ್ ಬಂದ ಮೇಲೂ ಈ ಸ್ವಭಾವ ಬದಲಾಗಿಲ್ಲ. ಮನಶ್ಶಾಸ್ತ್ರಜ್ಞರಾದ ಫ್ಯೂಶಿಯಾ ಸಿರೋಯಿ ಮತ್ತು ತಿಮೊಥಿ ಪಿಚಿಲ್ 2013ರಲ್ಲಿ ಮಂಡಿಸಿದ ವಿಚಾರವೂ ಇದಕ್ಕೆ ಹತ್ತಿರವಾದುದು. ಮುಂದೂಡಿಕೆಯು ವೇಳೆಯ ನಿರ್ವಹಣೆಯ ದೋಷವಲ್ಲ. ಕೆಲಸ ಹುಟ್ಟಿಸುವ ಅಹಿತಕರ ಭಾವನೆಯಿಂದ ಆ ಕ್ಷಣಕ್ಕೆ ಪಾರಾಗುವ ಉಪಾಯ ಎಂಬುದು ಅವರ ಅಭಿಪ್ರಾಯ. ಬರೆಯದ ಕಾವ್ಯ ಪರಿಪೂರ್ಣವಾಗಿರುತ್ತದೆ. ಬರೆದೊಡನೆ ಅದು ಸಾಧಾರಣವೆಂದು ತಿಳಿದುಹೋಗುವ ಭಯ. ಆ ಭಯವೇ ‘ನಾಳೆ ಬಾ’ ಎಂದು ಬರೆಸುತ್ತದೆ.

ಎಲ್ಲ ವಿಳಂಬವೂ ದೋಷವೆ? ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಚಿರಕಾರಿಯ ಉಪಾಖ್ಯಾನವನ್ನು ಇಲ್ಲಿ ನೆನೆಯಬೇಕು. ತಾಯಿಯನ್ನು ಕೊಲ್ಲೆಂದು ತಂದೆ ಗೌತಮ ಕೋಪದಲ್ಲಿ ಆಜ್ಞಾಪಿಸಿ ಹೊರಟುಹೋದಾಗ, ಸ್ವಭಾವತಃ ನಿಧಾನಿಯಾದ ಚಿರಕಾರಿ ಪಿತೃವಾಕ್ಯದ ಗೌರವವನ್ನೂ ಮಾತೃತ್ವದ ಮಹತ್ವವನ್ನೂ ತೂಗಿ ನೋಡುತ್ತ ಬಹುಕಾಲ ಕಳೆಯುತ್ತಾನೆ. ಪಶ್ಚಾತ್ತಾಪದಿಂದ ಓಡಿ ಬಂದ ತಂದೆಗೆ ಹೆಂಡತಿ ಜೀವಂತವಾಗಿರುವುದು ಕಂಡು ಆನಂದವಾಗುತ್ತದೆ. ಮಗನ ವಿಳಂಬವನ್ನು ಹೊಗಳುತ್ತಾನೆ. ಸಾಹಿತ್ಯಕ್ಕೂ ಇಂಥ ವಿಳಂಬ ಬೇಕು. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ರಚನೆಯಲ್ಲಿ 1936ರಿಂದ 1945ರವರೆಗೆ ತೊಡಗಿದ್ದರು. ಅದು ಮುಂದೂಡಿಕೆಯಲ್ಲ, ಮಾಗುವಿಕೆ. ಎರಡರ ಭೇದವನ್ನು ತಿಳಿಯಲು ಒಂದು ಸರಳ ಪರೀಕ್ಷೆಯಿದೆ: ಕಾಯುತ್ತಿರುವ ಅವಧಿಯಲ್ಲಿ ಮನಸ್ಸು ಆ ವಸ್ತುವಿನೊಡನೆಯೇ ಇದೆಯೆ, ಅದನ್ನು ಬಿಟ್ಟು ಓಡುತ್ತಿದೆಯೆ? ಚಿರಕಾರಿ ಆ ದಿನವೆಲ್ಲ ತಾಯಿಯನ್ನು ಕುರಿತೇ ಚಿಂತಿಸುತ್ತಿದ್ದ. ತಾಯಿಯನ್ನು ಮರೆಯಲು ಊರಿನ ಸುದ್ದಿ ಕೇಳುತ್ತ ಕುಳಿತಿರಲಿಲ್ಲ.

ಊರಿನ ಸುದ್ದಿಯೆಂದಾಗ ಈ ನಗರದ ‘ಅಡ್ಡಾ’ ನೆನಪಿಗೆ ಬರುತ್ತದೆ. ಬಡಾವಣೆಯ ಮನೆಯ ಮುಂದಿನ ಜಗಲಿಯಲ್ಲಿಯೋ ಕಾಲೇಜು ಬೀದಿಯ ಕಾಫಿ ಹೌಸಿನಲ್ಲಿಯೋ ಗಂಟೆಗಟ್ಟಲೆ ನಡೆಯುವ ಈ ಹರಟೆಯಲ್ಲಿ ಬಂಗಾಳದ ಎಷ್ಟು ಪುಸ್ತಕಗಳು ಹುಟ್ಟಿದವೋ ಅಷ್ಟೇ ಪುಸ್ತಕಗಳು ಹೊಗೆಯಾಗಿ ಹೋಗಿರಬೇಕು. ಮಾತಿನಲ್ಲಿ ಹೇಳಿ ಮುಗಿಸಿದ ಕಾದಂಬರಿಯನ್ನು ಮತ್ತೆ ಬರೆಯುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ. ಆದರೂ ಅಡ್ಡಾದಲ್ಲಿ ಎದುರಿಗೊಬ್ಬ ಮನುಷ್ಯನಿದ್ದ. ಅವನು ತಪ್ಪು ಹೇಳಿದರೆ ತಿದ್ದುತ್ತಿದ್ದ, ಒಳ್ಳೆಯ ಮಾತಿಗೆ ತಲೆದೂಗುತ್ತಿದ್ದ, ಮತ್ತು ಕೊನೆಗೆ ಊಟಕ್ಕೆ ಎದ್ದು ಹೋಗುತ್ತಿದ್ದ. ಇಂದು ನಮ್ಮ ಅಂಗೈಯಲ್ಲಿರುವ ಯಂತ್ರಕ್ಕೆ ಊಟದ ಹೊತ್ತೆಂಬುದಿಲ್ಲ. ವಾಟ್ಸ್ಆ್ಯಪ್ ಗುಂಪಿನ ‘ಶುಭೋದಯ’ದಿಂದ ಮೊದಲಾಗಿ ರಾತ್ರಿಯ ರೀಲುಗಳವರೆಗೆ ಅದು ನಮ್ಮ ಗಮನವನ್ನು ಚಿಲ್ಲರೆ ಮಾಡಿ ಖರ್ಚು ಮಾಡಿಸುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದಂತೆ, ಒಂದು ಕೆಲಸವನ್ನು ಮುಗಿಸದೆ ಇನ್ನೊಂದಕ್ಕೆ ತಿರುಗಿದಾಗ ಮೊದಲನೆಯದರ ಶೇಷ ಮನಸ್ಸಿನಲ್ಲಿ ಉಳಿದು ಎರಡನೆಯದನ್ನು ಕೆಡಿಸುತ್ತದೆ. ಒಂದು ಪದ್ಯಕ್ಕೆ ಕುಳಿತವನು ನಡುವೆ ಒಂದೇ ಒಂದು ನಿಮಿಷ ಫೋನು ನೋಡಿದೆನೆಂದುಕೊಳ್ಳುತ್ತಾನೆ. ನಿಮಿಷ ಮುಗಿದರೂ ಶೇಷ ಮುಗಿಯುವುದಿಲ್ಲ.

ಚಿತ್ತದ ಅಲೆದಾಟವನ್ನೆಲ್ಲ ನಿಂದಿಸುವುದೂ ಸರಿಯಲ್ಲ. ರವೀಂದ್ರನಾಥರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಸುಮ್ಮನೆ ಬಿಡದೆ, ಗೆರೆಗಳನ್ನು ಕೂಡಿಸಿ ಹಕ್ಕಿಯೋ ಮುಖವಾಡವೋ ಮಾಡುತ್ತಿದ್ದರು. 1924ರ ಸುಮಾರಿನ ‘ಪೂರಬಿ’ ಹಸ್ತಪ್ರತಿಯ ಪುಟಗಳು ಈ ಬಗೆಯ ಆಕೃತಿಗಳಿಗೆ ಪ್ರಸಿದ್ಧವಾಗಿವೆ. ಆ ಗೀಚುವಿಕೆಯೇ ಬೆಳೆದು 1930ರಲ್ಲಿ ಪ್ಯಾರಿಸ್ಸಿನಲ್ಲಿ ಚಿತ್ರಪ್ರದರ್ಶನವಾಯಿತು. ಅರವತ್ತು ದಾಟಿದ ಕವಿ ಚಿತ್ರಕಾರನಾದ. ಗಮನಿಸಬೇಕಾದದ್ದೆಂದರೆ ಅವರ ಮನಸ್ಸು ಅಲೆದದ್ದು ಅದೇ ಕಾಗದದ ಮೇಲೆ, ಅದೇ ಲೇಖನಿಯೊಡನೆ. ಕಾಗದವನ್ನು ಬಿಟ್ಟು ಹೋದ ಮನಸ್ಸಿನಿಂದ ಹಕ್ಕಿಗಳು ಹುಟ್ಟುವುದಿಲ್ಲ.

ಇದೇ ರವೀಂದ್ರರು 1890ರ ದಶಕದಲ್ಲಿ ಶಿಲಾಯಿದಹದ ಜಮೀನ್ದಾರಿಯನ್ನು ನೋಡಿಕೊಳ್ಳುತ್ತ, ಲೆಕ್ಕಪತ್ರ, ರೈತರ ಅಹವಾಲುಗಳ ನಡುವೆ ತಮ್ಮ ಅತ್ಯುತ್ತಮ ಸಣ್ಣಕಥೆಗಳಲ್ಲಿ ಅನೇಕವನ್ನು ಬರೆದರು. ಅದರ ಹಿಂದೆ ‘ಸಾಧನಾ’ ಎಂಬ ಮಾಸಪತ್ರಿಕೆಯ ಹಸಿವಿತ್ತು. ತಿಂಗಳು ತಿಂಗಳೂ ಪುಟ ತುಂಬಿಸಬೇಕಾಗಿತ್ತು. ಬಂಕಿಮರ ಹಿಂದೆಯೂ ಇಂಥದೇ ಒತ್ತಾಯವಿತ್ತು. 1872ರಲ್ಲಿ ಅವರು ‘ಬಂಗದರ್ಶನ’ವನ್ನು ಆರಂಭಿಸಿದಾಗ ‘ವಿಷವೃಕ್ಷ’ ಅದರಲ್ಲಿ ಕಂತುಕಂತಾಗಿ ಬರತೊಡಗಿತು. ಈಗಲೂ ಬಂಗಾಳಿ ಪತ್ರಿಕೆಗಳ ಶಾರದೀಯ ಸಂಖ್ಯೆಗಳಿಗೆ ಲೇಖಕರು ಪೂಜೆಗಿಂತ ತಿಂಗಳುಗಟ್ಟಲೆ ಮೊದಲೇ ಕಾದಂಬರಿ ಮುಗಿಸಿ ಕೊಡುತ್ತಾರೆ. ಸತ್ಯಜಿತ್ ರಾಯ್ ಅವರ ಫೆಲುದಾ ಕಥೆಗಳಲ್ಲಿ ಎಷ್ಟೋ ‘ದೇಶ್’ ಪತ್ರಿಕೆಯ ಪೂಜಾ ಸಂಚಿಕೆಗಾಗಿ ಬರೆದವು. ನಮ್ಮ ದೀಪಾವಳಿ, ಯುಗಾದಿ ವಿಶೇಷಾಂಕಗಳೂ ಕನ್ನಡ ಕಥೆಗೆ ಇದೇ ಉಪಕಾರ ಮಾಡಿವೆ. ಸ್ಫೂರ್ತಿಯನ್ನು ದೈವದತ್ತವೆಂದು ಭಾವಿಸುವವರಿಗೆ ಈ ಮಾತು ರುಚಿಸಲಿಕ್ಕಿಲ್ಲ. ಆದರೆ ಸ್ಫೂರ್ತಿಗೆ ಗಡುವಿನ ಭಯ ಚೆನ್ನಾಗಿಯೇ ಇದೆ. ಪಾರ್ಕಿನ್ಸನ್ ಎಂಬ ಇತಿಹಾಸಕಾರ 1955ರಲ್ಲಿ ನಮ್ಮಂಥ ನೌಕರಶಾಹಿಯನ್ನು ಗೇಲಿ ಮಾಡುತ್ತ, ಕೆಲಸವು ತನಗೆ ಕೊಟ್ಟ ವೇಳೆಯನ್ನು ತುಂಬುವಷ್ಟು ಹಿಗ್ಗುತ್ತದೆ ಎಂದು ನಿಯಮವನ್ನೇ ಮಾಡಿಟ್ಟ. ಇಡೀ ಜೀವಮಾನವನ್ನು ವೇಳೆಯಾಗಿ ಕೊಟ್ಟರೆ ಒಂದು ಪ್ರಬಂಧ ಇಡೀ ಜೀವಮಾನವನ್ನೇ ತುಂಬಿಕೊಂಡೀತು.

ಅಡ್ಡಿಗಳೆಲ್ಲ ಒಳಗಿನವೇ ಅಲ್ಲ. ರಾಯ್ ಅವರು ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣವನ್ನು 1952ರ ಅಕ್ಟೋಬರಿನಲ್ಲಿ ಆರಂಭಿಸಿದಾಗ ಜಾಹೀರಾತು ಸಂಸ್ಥೆಯೊಂದರ ನೌಕರರು, ಬಿಡುವು ಸಿಗುತ್ತಿದ್ದುದು ರವಿವಾರ. ಮೊದಲ ದಿನ ಕಾಶ ಹೂವಿನ ಬಯಲಿನಲ್ಲಿ ಸ್ವಲ್ಪ ಭಾಗ ಚಿತ್ರಿಸಿ ಮುಂದಿನ ವಾರ ಹೋದರೆ, ದನಗಳು ಹೂವನ್ನೆಲ್ಲ ಮೇಯ್ದುಬಿಟ್ಟಿದ್ದವು. ಉಳಿದ ಭಾಗಕ್ಕೆ ಮತ್ತೊಂದು ಶರದೃತುವಿಗಾಗಿ ಕಾಯಬೇಕಾಯಿತು. ಹಣ ಮುಗಿಯಿತು, ಕೆಲಸ ತಿಂಗಳುಗಟ್ಟಲೆ ನಿಂತಿತು, ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ನೆರವಿನಿಂದ 1955ರ ಆಗಸ್ಟಿನಲ್ಲಿ ಚಿತ್ರ ಕೋಲ್ಕತ್ತದಲ್ಲಿ ತೆರೆಕಂಡಿತು. ಹಣವಿಲ್ಲದಾಗ ಚಿತ್ರ ನಿಂತಿತು. ಮನಸ್ಸಿಲ್ಲದೆ ಒಂದು ದಿನವೂ ನಿಲ್ಲಲಿಲ್ಲ. ನಮ್ಮ ಕೈಮೀರಿದ ಅಡ್ಡಿ ಯಾವುದು, ನಾವೇ ತಂದು ನಿಲ್ಲಿಸಿಕೊಂಡ ಅಡ್ಡಿ ಯಾವುದು ಎಂದು ಬೇರ್ಪಡಿಸಿ ನೋಡಿದರೆ ಮೊದಲನೆಯ ಪಟ್ಟಿ ಅಚ್ಚರಿಯಾಗುವಷ್ಟು ಚಿಕ್ಕದಾಗಿರುತ್ತದೆ.

ಈ ಪಟ್ಟಿ ಎಲ್ಲರಿಗೂ ಒಂದೇ ಅಲ್ಲವೆಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಬೇಕು. ನಮ್ಮ ಮನೆಗಳಲ್ಲಿ ಗಂಡಸು ಬರೆಯಲು ಕುಳಿತರೆ ಕಾಫಿ ಬರುತ್ತದೆ, ಮಕ್ಕಳಿಗೆ ಸದ್ದು ಮಾಡಬೇಡಿರೆಂಬ ಸೂಚನೆ ಹೋಗುತ್ತದೆ. ಹೆಂಗಸು ಬರೆಯಲು ಕುಳಿತರೆ ಕುಕ್ಕರು ಕೂಗುತ್ತದೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಆಶಾಪೂರ್ಣಾ ದೇವಿ (1909–1995) ಈ ನಗರದ ಕೂಡುಕುಟುಂಬದ ಸಂಸಾರದೊಳಗಿದ್ದುಕೊಂಡೇ ‘ಪ್ರಥಮ ಪ್ರತಿಶ್ರುತಿ’ಯನ್ನು (1964) ಬರೆದರು, ಅದಕ್ಕೆ 1976ರ ಜ್ಞಾನಪೀಠ ಬಂತು. ಅವರ ಸಾಧನೆಯನ್ನು ಹೊಗಳಿ ಸುಮ್ಮನಾಗುವುದು ಸುಲಭ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ದಿನಕ್ಕೊಂದು ಗಂಟೆಯ ನಿಶ್ಶಬ್ದವನ್ನು ಒದಗಿಸುವುದು ಅದಕ್ಕಿಂತ ಕಷ್ಟ, ಅದಕ್ಕಿಂತ ಅವಶ್ಯ. ಹೊರನಾಡಿನಲ್ಲಿ ಕನ್ನಡವನ್ನು ಅಡುಗೆಮನೆಯಲ್ಲಿ, ಜೋಗುಳದಲ್ಲಿ, ಹಬ್ಬದ ಹಾಡಿನಲ್ಲಿ ಉಳಿಸಿದವರು ಅವರು. ಅವರ ಬರಹವಿಲ್ಲದ ಸಂಚಿಕೆ ಅರ್ಧ ಸಂಚಿಕೆಯೇ ಸರಿ.

ದೊಡ್ಡ ಕೆಲಸಕ್ಕೆ ದೊಡ್ಡ ಬಿಡುವು ಬೇಕೆಂಬುದು ಇನ್ನೊಂದು ಭ್ರಮೆ. ಶಾಂತಿನಿಕೇತನದ ಅಧ್ಯಾಪಕ ಹರಿಚರಣ ಬಂದ್ಯೋಪಾಧ್ಯಾಯರು ರವೀಂದ್ರರ ಸೂಚನೆಯಂತೆ 1905ರ ಸುಮಾರಿಗೆ ‘ಬಂಗೀಯ ಶಬ್ದಕೋಶ’ವನ್ನು ಆರಂಭಿಸಿದರು. ಪಾಠಪ್ರವಚನದ ಜತೆಗೆ, ಹಣದ ಮುಗ್ಗಟ್ಟಿನಿಂದ ಕೆಲಕಾಲ ಆಶ್ರಮವನ್ನೇ ಬಿಡಬೇಕಾಗಿ ಬಂದಾಗಲೂ ಸಂಕಲ್ಪವನ್ನು ಬಿಡದೆ, ಪದದ ಮೇಲೆ ಪದವಿಟ್ಟು ನಡೆಸಿದರು. 1932ರಲ್ಲಿ ಬಿಡಿಬಿಡಿ ಭಾಗಗಳಾಗಿ ಮುದ್ರಣ ತೊಡಗಿ 1940ರ ದಶಕದ ನಡುವಿಗೆ ಮುಗಿಯಿತು. ಸುಮಾರು ನಲವತ್ತು ವರ್ಷಗಳ ಈ ತಪಸ್ಸಿನಲ್ಲಿ ಒಂದು ದಿನದ ಕೆಲಸವನ್ನು ತೆಗೆದು ನೋಡಿದರೆ ಕೆಲವು ಪದಗಳಷ್ಟೆ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟ ಬಂದುದು 1970ರಲ್ಲಿ, ಎಂಟನೆಯದು 1995ರಲ್ಲಿ, ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ಅದಕ್ಕೆ ತಮ್ಮ ಬಾಳಿನ ಬಹುಭಾಗವನ್ನು ಧಾರೆಯೆರೆದರು. ಹನಿಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ನಾವು ಹಣದ ವಿಷಯದಲ್ಲಿ ನಂಬುತ್ತೇವೆ, ಅಕ್ಷರದ ವಿಷಯದಲ್ಲಿ ಮಾತ್ರ ನಂಬುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಬರಹಗಾರರಿಗೂ ಅನ್ವಯಿಸುವ ಮಾತು. ಹೊರನಾಡ ಕನ್ನಡಿಗರಿಗೆ ಅನ್ವಯಿಸುವ ಮಾತೊಂದು ಬೇರೆಯೇ ಇದೆ. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಇರುವ ಲೇಖಕ ಹತ್ತು ವರ್ಷ ತಡಮಾಡಿ ಬರೆದರೂ ಓದುವವರು ಇದ್ದೇ ಇರುತ್ತಾರೆ. ನಮಗೆ ಆ ಭರವಸೆಯಿಲ್ಲ. ಈ ನಗರದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕನ್ನಡವನ್ನು ಆಡಬಲ್ಲರು. ಓದಬಲ್ಲವರು ಕಡಿಮೆ, ಬರೆಯಬಲ್ಲವರು ಇನ್ನೂ ಕಡಿಮೆ. ವರ್ಗಾವಣೆಯಾಗಿ ಹೋದವರ ಜಾಗಕ್ಕೆ ಬರುವವರೆಲ್ಲ ಸಂಘದ ಬಾಗಿಲಿಗೆ ಬರುವುದಿಲ್ಲ. ರೈಲ್ವೆ, ಬ್ಯಾಂಕು, ಲೆಕ್ಕಪರಿಶೋಧನೆ, ವಿಜ್ಞಾನ ಸಂಸ್ಥೆಗಳ ಕೆಲಸಕ್ಕೆಂದು ದಶಕಗಳ ಹಿಂದೆ ಬಂದು, ಲೇಕ್ ಮಾರುಕಟ್ಟೆಯಲ್ಲಿ ಕರಿಬೇವು, ತೆಂಗಿನಕಾಯಿ ಹುಡುಕಿ, ಬಾಡಿಗೆ ಮನೆಯಲ್ಲಿ ಗೌರಿ ಗಣೇಶನನ್ನು ಕೂರಿಸಿದ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರು ಕಂಡ ಕಲ್ಕತ್ತೆ, ಅವರು ಆಡಿದ ನಾಟಕ, ಅವರು ಊರಿಗೆ ಬರೆದ ಕಾಗದಗಳ ಚರಿತ್ರೆಯನ್ನು ಬೇರೆ ಯಾರೂ ಬರೆಯುವುದಿಲ್ಲ. ಬಂಗಾಳಿಗಳಿಗೆ ನಾವು ಬಹುಮಟ್ಟಿಗೆ ‘ಮದ್ರಾಸಿ’ಗಳು, ಕರ್ನಾಟಕದವರಿಗೆ ನಾವು ಹೊರಟುಹೋದವರು. ನಮ್ಮನ್ನು ನಾವೇ ಬರೆದಿಡದಿದ್ದರೆ ಇಲ್ಲಿ ಕನ್ನಡಿಗರಿದ್ದರೆಂಬುದಕ್ಕೆ ಹಳೆಯ ಸದಸ್ಯತ್ವದ ರಸೀದಿ ಪುಸ್ತಕಗಳಷ್ಟೇ ಸಾಕ್ಷಿಯಾಗಿ ಉಳಿದಾವು. ನಮ್ಮ ಪಾಲಿನ ಗಡುವನ್ನು ಸಂಪಾದಕರು ಹಾಕಿಲ್ಲ. ಕಾಲವೇ ಹಾಕಿದೆ, ಮತ್ತು ಅದು ಮುಂದೂಡಿಕೆಯ ಅರ್ಜಿಯನ್ನು ಸ್ವೀಕರಿಸುವುದಿಲ್ಲ.

ಉಪದೇಶದಲ್ಲಿ ನಿಲ್ಲಿಸುವುದು ಸರಿಯಲ್ಲವಾದ್ದರಿಂದ ಕೆಲವು ಕಾರ್ಯಸಾಧ್ಯ ಸಲಹೆಗಳನ್ನು ಸದಸ್ಯರ ಮುಂದಿಡುತ್ತೇನೆ. ಮೊದಲನೆಯದಾಗಿ, ‘ಬರೆಯಬೇಕು’ ಎಂಬ ಸಂಕಲ್ಪವನ್ನು ಬಿಟ್ಟು ‘ಎಂದು, ಎಲ್ಲಿ, ಏನನ್ನು’ ಎಂಬುದನ್ನು ನಿಶ್ಚಯಿಸಬೇಕು. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಜರ್ 1999ರಲ್ಲಿ ವಿವರಿಸಿದಂತೆ, ಸನ್ನಿವೇಶವನ್ನು ಕೃತಿಗೆ ಮೊದಲೇ ಗಂಟುಹಾಕಿದ ಸಂಕಲ್ಪಗಳು ಬರಿಯ ಸದಿಚ್ಛೆಗಿಂತ ಹೆಚ್ಚು ಫಲಿಸುತ್ತವೆ. ‘ರಾತ್ರಿ ಊಟದ ತಟ್ಟೆ ತೆಗೆದ ಮೇಲೆ ಅದೇ ಮೇಜಿನಲ್ಲಿ ಅರ್ಧ ಪುಟ’ ಎಂಬುದು ಸಂಕಲ್ಪ; ‘ಈ ವರ್ಷ ಕಾದಂಬರಿ’ ಎಂಬುದು ಹಾರೈಕೆ. ಎರಡನೆಯದಾಗಿ, ಆ ಅರ್ಧ ಗಂಟೆ ಫೋನು ಬೇರೆ ಕೋಣೆಯಲ್ಲಿರಲಿ. ಮಗುಚಿ ಇಟ್ಟರೆ ಸಾಲದು. ಮೂರನೆಯದಾಗಿ, ಮೊದಲ ಕರಡು ಕೆಟ್ಟದಾಗಿರಲು ಅನುಮತಿ ಕೊಡಬೇಕು. ಕಚೇರಿಯಲ್ಲಿ ಕರಡು ಟಿಪ್ಪಣಿಯನ್ನು ನಾಲ್ವರು ತಿದ್ದುವರೆಂದು ತಿಳಿದೇ ನಿರ್ಭಯವಾಗಿ ಬರೆಯುವ ನಾವು, ಮನೆಯಲ್ಲಿ ಮೊದಲ ಸಾಲೇ ಮುದ್ರಣಯೋಗ್ಯವಾಗಿರಬೇಕೆಂದು ಹಟ ಹಿಡಿಯುತ್ತೇವೆ.

ನಾಲ್ಕನೆಯ ಸಲಹೆ ಸಂಘಕ್ಕೆ. ತಿಂಗಳ ಒಂದು ರವಿವಾರ ಸಂಜೆ ‘ಒಂದು ಪುಟ’ ಎಂಬ ಕೂಟ ನಡೆಯಲಿ. ಬರುವವರು ತಾವು ಬರೆದ ಒಂದೇ ಪುಟವನ್ನು ತಂದು ಓದಬೇಕು. ಬರೆಯದವರು ಬಂದು ಕೇಳಬಹುದು, ಆದರೆ ಬರೆಯಲಿರುವುದನ್ನು ಕುರಿತು ಮಾತನಾಡುವಂತಿಲ್ಲ. ಕನ್ನಡ ಲಿಪಿ ಬಾರದ ಮಕ್ಕಳು ಬಾಯಲ್ಲಿ ಹೇಳಲಿ, ಹಿರಿಯರು ಬರೆದುಕೊಳ್ಳಲಿ. ಎಂಬತ್ತು ದಾ­ಟಿದವರ ನೆನಪುಗಳನ್ನು ಮಕ್ಕಳು ಅದೇ ಫೋನಿನಲ್ಲಿ ಧ್ವನಿಮುದ್ರಿಸಲಿ. ಯಂತ್ರವನ್ನು ದೂರುವುದರೊಂದಿಗೆ ಅದರಿಂದ ಇಷ್ಟು ಸೇವೆ ಪಡೆದರೆ ತಪ್ಪಿಲ್ಲ. ಐದನೆಯದಾಗಿ, ಬಂಗಾಳಿ ಬಲ್ಲ ಸದಸ್ಯರು ವರ್ಷಕ್ಕೊಂದು ಕಥೆಯನ್ನು ಅನುವಾದಿಸುವ ಹೊಣೆ ಹೊರಲಿ. ಸ್ವಂತ ಕಥೆಗೆ ಹೆದರುವವನಿಗೆ ಅನುವಾದದಷ್ಟು ಒಳ್ಳೆಯ ಗರಡಿಮನೆ ಇನ್ನೊಂದಿಲ್ಲ. ವೆಂಕಟಾಚಾರ್ಯರು ತೋರಿಸಿದ ದಾರಿ ಇನ್ನೂ ತೆರೆದೇ ಇದೆ.

ಹೀಗೆ ಕೂಡಿದ ಪುಟಗಳು ಎರಡು ಮೂರು ವರ್ಷಗಳಲ್ಲಿ ಒಂದು ಸಣ್ಣ ಪುಸ್ತಕವಾಗುವುದರಲ್ಲಿ ಸಂದೇಹವಿಲ್ಲ. ಅಲಿಪುರದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕನ್ನಡ ವಿಭಾಗವಿದೆ. 1954ರ ಪುಸ್ತಕ ವಿತರಣಾ ಅಧಿನಿಯಮದಂತೆ ದೇಶದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿ ಅಲ್ಲಿಗೆ ಸಲ್ಲಬೇಕು. ಬೆಂಗಳೂರಿನ ಪ್ರಕಾಶಕರು ಅಂಚೆಯಲ್ಲಿ ಕಳಿಸುತ್ತಾರೆ. ನಾವಾದರೋ ಕೈಯಲ್ಲಿ ಹಿಡಿದು, ಬಸ್ಸಿನಲ್ಲಿ ಹೋಗಿ ಕೊಟ್ಟು ಬರಬಹುದು. ಮುಂದಿನ ಸಂಚಿಕೆಗೆ ಲೇಖನ ತಲುಪಬೇಕಾದ ದಿನವನ್ನು ಸಂಪಾದಕರು ಪ್ರಕಟಿಸಿದ್ದಾರೆ. ಓದುಗ ಬಂಧುಗಳು ಈ ಪುಟವನ್ನು ಮಡಿಚಿಡುವ ಮೊದಲು ಒಂದು ಬಿಳಿಯ ಹಾಳೆಯನ್ನು ತೆಗೆದು, ಇಂದಿನ ತಾರೀಖನ್ನು ಬರೆದು, ಅದರ ಕೆಳಗೆ ಒಂದು ವಾಕ್ಯವನ್ನಾದರೂ ಬರೆಯಲಿ ಎಂಬುದಷ್ಟೇ ನನ್ನ ವಿನಂತಿ.